ಸಮಸ್ಯೆ: ‘ಹಾಲುಂಡ ಮಕ್ಕಳಿಗೆ ತುಟಿ ಕಪ್ಪಗಾಯ್ತು’

ಪೃಚ್ಛಕ (ಸಮಸ್ಯೆ ಕೊಟ್ಟವರು): ಮೇಲಿನದು ಚೌಪದಿಯ, ಅಂದರೆ ನಾಲ್ಕು ಸಾಲಿನ ಪದ್ಯದ, ಕೊನೆಯ ಪಾದ. ಮೊದಲ ಮೂರು ಪಾದ ಕಟ್ಟಿ ಅದರ ವಿರೋಧವನ್ನು ಬಿಡಿಸುವುದೇ ಪೂರಣ. 1 ಮತ್ತು 3ನೆಯ ಪಾದಕ್ಕೆ 5+5+5+5 ಮಾತ್ರೆ (ಒಂದು ಹ್ರಸ್ವಾಕ್ಷರ ನುಡಿಯುವಷ್ಟು ಕಾಲ), 2 ಮತ್ತು 4ಕ್ಕೆ 5+5+5+3. ಆದಿಪ್ರಾಸ (ಪ್ರತಿ ಪಾದದ ಎರಡನೆಯ ಅಕ್ಷರ) ಲಕಾರ, ಅದರ ಹಿಂದೆ ಗುರು (ಎರಡು ಮಾತ್ರೆಯ ಅಕ್ಷರ). ಪರಿಹಾರ ಕಾಡುಹಣ್ಣಿನಿಂದಲೇ ಬರಲಿ. ನೇರಳೆಯಲ್ಲಿ ಕಪ್ಪು ಸಿಗುತ್ತದೆ, ಹಾಲು ಸಿಗುವುದಿಲ್ಲ, ಅದು ಬೇಡ.

ಪೂರಣ 1 (ಸಾಗರ):
ಬೇಲಿಯಲಿ ಬೇಸಗೆಯ ಕವಳಿ ಹಣ್ಣಾಗುತಿರೆ
ಕಾಲಿರಿದ ಮುಳ್ಳಿಗಂಜದೆ ಕೊಯ್ದು ಕಚ್ಚಿ
ನೀಲಗಪ್ಪಿನ ಸಿಪ್ಪೆಯೊಳಗಿದ್ದ ಬಿಳಿಸೊನೆಯ
ಹಾಲುಂಡ ಮಕ್ಕಳಿಗೆ ತುಟಿ ಕಪ್ಪಗಾಯ್ತು

ಪೃಚ್ಛಕ: ಭಲೇ! ‘ಬಿಳಿಸೊನೆಯ’ ಎಂದು ಮೂರನೆಯ ಪಾದ ನಿಲ್ಲದೆ ‘ಹಾಲು’ ಎಂಬಲ್ಲಿಗೆ ಹರಿದದ್ದು ಸೊಗಸು. ಕವಳಿ ಎಂಬ ಈ ಕಾಡುಹಣ್ಣಿನ ಮುಳ್ಳುಪೊದೆ ಕಣಗಿಲೆಯ ಕುಟುಂಬದ್ದು. ಕಣಗಿಲೆಯ ಸೊನೆ ವಿಷ. ಇದರ ಹಣ್ಣನ್ನೋ ಮಕ್ಕಳು ಪೊದೆಯ ಬುಡದಲ್ಲೇ ಕೂತು ತಿನ್ನುತ್ತಾರೆ, ತುಟಿ ಅಂಟಂಟಾದರೂ ಬಿಡುವುದಿಲ್ಲ.

ಪೂರಣ 2 (ಮೈಸೂರು):
ಬಾಲಕೃಷ್ಣನ ಕೂಡೆ ಹೊರಟ ಗೋವಳರೆಲ್ಲ
ಸಾಲುಪೊದೆಯಲಿ ಕವಳಿ ಕೊಯ್ದು ಮೆದ್ದಿರಲು
ಆಲಯದಿ ಗೋಪಿಯರು ಬೆರಗಾಗಿ ಕೇಳಿದರು:
“ಹಾಲುಂಡ ಮಕ್ಕಳಿಗೆ ತುಟಿ ಕಪ್ಪಗಾಯ್ತು?”

ಪೃಚ್ಛಕ: ಛಂದಸ್ಸು ಶುದ್ಧವಾಗಿದೆ. ಆದರೆ ವಿರೋಧವನ್ನು ಇನ್ನೊಬ್ಬರ ಬಾಯಿಗೆ ಹಾಕಿ ಪಾರಾಗುವುದು ಹಳೆಯ ದಾರಿ. ಇಲ್ಲಿ ಹಾಲು ಬೇರೆ, ಹಣ್ಣು ಬೇರೆ. ಎರಡೂ ಒಂದೇ ಗಿಡದಲ್ಲಿರುವ ಚೋದ್ಯ ಕೈತಪ್ಪಿತು.

ಪೂರಣ 3 (ಶಿರಸಿ):
ಮೇಲೆ ಬೆಳ್ಳನೆಯ ಹೂ ಮುಡಿದ ಕವಳಿಯ ತಾಯಿ
ಸಾಲುಕಾಯ್ಗಳನಿಟ್ಟು ಕೊಂಬೆ ತೊಡೆ ಮೇಲೆ
ಕಾಲಕಾಲಕೆ ಸೊನೆಯನೂಡಿ ಬೆಳೆಸಿದಳಯ್ಯ
ಹಾಲುಂಡ ಮಕ್ಕಳಿಗೆ ತುಟಿ ಕಪ್ಪಗಾಯ್ತು

ಸಾಗರದವರು: ಇದರ ಮುಂದೆ ನನ್ನದು ಬರೀ ವರದಿ. ಹಣ್ಣು ತಿಂದವರನ್ನು ನಾನು ಮಕ್ಕಳೆಂದೆ, ನೀವು ಹಣ್ಣುಗಳನ್ನೇ ಗಿಡದ ಮಕ್ಕಳಾಗಿಸಿದಿರಿ. ಕವಳಿಯ ಕಾಯಿ, ಎಲೆ, ಚಿಗುರು, ಎಲ್ಲಿ ಚಿವುಟಿದರೂ ಹಾಲು. ತಾಯ್ತನ ಅದರ ಮೈಯಲ್ಲೇ ಇದೆ.

ಮೈಸೂರಿನವರು: ಒಂದು ಸಂದೇಹ. ಹಣ್ಣಿಗೆ ತುಟಿ ಎಲ್ಲಿ? ಹೂವೂ ಮಾಗಿದ ಹಣ್ಣೂ ಒಟ್ಟಿಗೇ ಇರುತ್ತವೆಯೆ?

ಶಿರಸಿಯವರು: ‘ಮುಡಿದ’ ಎಂದರೆ ಹಿಂದೆ ಮುಡಿದಿದ್ದ ಎಂದಿಟ್ಟುಕೊಳ್ಳಿ. ಹೂವು ಮೊದಲು, ಹಣ್ಣು ಮಳೆಗಾಲದ ಹೊಸ್ತಿಲಲ್ಲಿ. ಕಾಯಿ ಬಿಸಿಲು ಬಿದ್ದ ಮಗ್ಗುಲಲ್ಲಿ ಮೊದಲು ಕೆಂಪೇರುತ್ತದೆ, ಆಮೇಲೆ ಇಡಿಯಾಗಿ ಕಪ್ಪಾಗುತ್ತದೆ. ಆ ಕೆಂಪೇ ನನ್ನ ಕಣ್ಣಿಗೆ ತುಟಿ. ಉಪ್ಪಿನಕಾಯಿಗೆಂದು ಎಳೆಗಾಯಿ ಕೊಯ್ಯುವ ಮನೆಗಳಲ್ಲಿ ಇದನ್ನು ನೋಡಲು ಸಿಗದು, ಬೇಲಿಯಲ್ಲಿ ಒಂದು ಕೊಂಬೆಯನ್ನಾದರೂ ಬಿಡಬೇಕು.

ಪೃಚ್ಛಕ: ತುಟಿಯ ಸಮಾಧಾನ ಒಪ್ಪಿದೆ. ಮೂರನೆಯದಕ್ಕೇ ನನ್ನ ಮೆಚ್ಚುಗೆ. ಮಲ್ಲಿಗೆಯನ್ನು ಹೋಲುವ ಆ ಹೂವಿನ ಕಂಪು ಮಾತ್ರ ಇನ್ನೂ ಯಾರ ಪದ್ಯಕ್ಕೂ ಇಳಿದಿಲ್ಲ. ಭಾನುವಾರ ರಾತ್ರಿಯವರೆಗೆ ಪೂರಣ ಕಳಿಸಬಹುದು.