ಜಿಪ್ಸಮ್ ಬೋರ್ಡ್ ಜಾಯಿಂಟ್ ಫಿನಿಶಿಂಗ್‌ಗೆ ಯಾವ ಬ್ಲೇಡ್ ತಗೊಳ್ಳೋದು?

ಪ್ರಶ್ನೆ: ನಮಸ್ಕಾರ. ಒಂದು ರೂಮಿಗೆ ಜಿಪ್ಸಮ್ ಬೋರ್ಡ್ ಹೊಡೆದಾಗಿದೆ. ಬೋರ್ಡುಗಳ ಸಂದಿಗೆ ಪೇಪರ್ ಟೇಪ್ ಕೂರಿಸಿ, ಜಾಯಿಂಟ್ ಕಾಂಪೌಂಡ್ (ಪುಟ್ಟಿ ಥರದ ಪೇಸ್ಟ್) ಹಚ್ಚೋ ಕೆಲಸ ನಾನೇ ಮಾಡ್ತಿದ್ದೀನಿ. ಗೋಡೆಗೆ ಪುಟ್ಟಿ ಹಾಕೋ 4 ಇಂಚಿನ ಬ್ಲೇಡ್‌ನಲ್ಲಿ ಎಳೆದರೆ ಎರಡೂ ಕಡೆ ಗೆರೆ ಬೀಳುತ್ತೆ, ಮಟ್ಟಾನೇ ಬರ್ತಿಲ್ಲ. ಒಳ್ಳೆ 12 ಇಂಚಿನ ಬ್ಲೇಡ್ ಒಂದೇ ಒಂದು ತಗೊಂಡ್ರೆ ಎಲ್ಲಾ ಆಗುತ್ತಾ? ಸ್ಟೇನ್‌ಲೆಸ್ ತಗೊಳ್ಳಲಾ, ಕಾರ್ಬನ್ ಸ್ಟೀಲ್ ತಗೊಳ್ಳಲಾ?

ಉತ್ತರ (ಡ್ರೈವಾಲ್ ಫಿನಿಶರ್, ಅಂದ್ರೆ ಜಿಪ್ಸಮ್ ಬೋರ್ಡ್ ಫಿನಿಶಿಂಗ್ ಮಾಡೋರು): ಒಂದರಲ್ಲಿ ಆಗಲ್ಲ ಸರ್. ಕನಿಷ್ಠ ಎರಡು ಬೇಕು: ಟೇಪ್ ಕೂರಿಸೋಕೆ 6 ಇಂಚಿಂದು, ಮೇಲಿನ ಕೋಟ್‌ಗೆ 10 ಅಥವಾ 12 ಇಂಚಿಂದು.

ನಿಮ್ಮ ಗೆರೆಗೆ ಕಾರಣ ಮೊದಲು ನೋಡಿ. ಬೋರ್ಡಿನ ಉದ್ದದ ಅಂಚು ಫ್ಯಾಕ್ಟರಿಯಲ್ಲೇ ಸುಮಾರು 50–60 ಮಿ.ಮೀ. ಅಗಲಕ್ಕೆ ಇಳಿಜಾರಾಗಿರುತ್ತೆ. ಎರಡು ಬೋರ್ಡ್ ಸೇರಿದ ಕಡೆ 100–120 ಮಿ.ಮೀ. ಅಗಲದ ತಗ್ಗು ಆಗುತ್ತೆ. ನಿಮ್ಮ 4 ಇಂಚಿನ ಬ್ಲೇಡ್ ಅಂದ್ರೆ 100 ಮಿ.ಮೀ., ಅದು ಆ ತಗ್ಗಿನೊಳಗೇ ಇಳಿದು ಓಡುತ್ತೆ. ಎರಡೂ ಮೂಲೆ ಹಸಿ ಕಾಂಪೌಂಡ್ ಮೇಲೇ ಎಳೆದಂಗಾಗಿ ಗೆರೆ ಬೀಳುತ್ತೆ, ತಗ್ಗೂ ಪೂರ್ತಿ ತುಂಬಲ್ಲ. 6 ಇಂಚಿನದು 150 ಮಿ.ಮೀ. ಇರೋದ್ರಿಂದ ತಗ್ಗಿನ ಎರಡೂ ದಂಡೆ ಮೇಲೆ ಕೂತು ಸಾಗುತ್ತೆ. ಮುಂದಿನ ಕೋಟ್ ಹಿಂದಿನದಕ್ಕಿಂತ ಪ್ರತಿ ಬದಿ ಸುಮಾರು 25–50 ಮಿ.ಮೀ. ಆಚೆ ಹೋಗಬೇಕು, ಅದಕ್ಕೇ 6 ಆದ್ಮೇಲೆ 10, ಅದಾದ್ಮೇಲೆ 12 ಅನ್ನೋ ಲೆಕ್ಕ ಬಂದಿರೋದು.

ಬೋರ್ಡ್ ಕತ್ತರಿಸಿ ಸೇರಿಸಿದ ಜಾಯಿಂಟ್, ಅಂದ್ರೆ ಬಟ್ ಜಾಯಿಂಟ್ ಇದ್ರೆ ಅಲ್ಲಿ ಇಳಿಜಾರೇ ಇರಲ್ಲ, ಟೇಪ್ ಮೇಲ್ಮೈ ಮೇಲೇ ಕೂರುತ್ತೆ. ಆ ಉಬ್ಬನ್ನ ಯಾವ ಬ್ಲೇಡೂ ಕರಗಿಸಲ್ಲ, ಅಗಲಕ್ಕೆ ಹರಡಿ ಕಣ್ಣಿಗೆ ಕಾಣದಂತೆ ಮಾಡೋದಷ್ಟೇ. ಟೇಪಿನ ಎಡಕ್ಕೆ ಒಂದು, ಬಲಕ್ಕೆ ಒಂದು ಅಂತ 12 ಇಂಚಿನ ಎರಡು ಎಳೆತ, ಒಟ್ಟು 24 ಇಂಚು ಹತ್ತಿರ ಬರಬೇಕು.

ಪ್ರಶ್ನೆ: ಅರ್ಥ ಆಯ್ತು ಸರ್. ಅಂಗಡಿಯಲ್ಲಿ ನೋಡೋಕೆ ಎಲ್ಲಾ ಒಂದೇ ಥರ ಹೊಳೀತಾ ಇರುತ್ವೆ. ಒಳ್ಳೇದು ಯಾವುದು ಅಂತ ಕೈಯಲ್ಲಿ ಹಿಡಿದು ತಿಳ್ಕೊಳ್ಳೋದು ಹೇಗೆ?

ಉತ್ತರ (ಡ್ರೈವಾಲ್ ಫಿನಿಶರ್): ಅದೇ ಅಳತೆಯ ಎರಡು ಬ್ಲೇಡ್ ತಗೊಂಡು ಅಂಚಿಗೆ ಅಂಚು ತಾಗಿಸಿ ಬೆಳಕಿಗೆ ಹಿಡೀರಿ. ಬೆಳಕು ಸಂದಿಯಲ್ಲಿ ಅಲ್ಲಲ್ಲಿ ತೂರಿ ಬಂದ್ರೆ ಒಂದರ ಅಂಚು ಅಲೆ ಅಲೆಯಾಗಿದೆ ಅಂತ, ಎರಡನ್ನೂ ಬದಿಗಿಡಿ. 12 ಇಂಚಿನದರಲ್ಲಿ ಮುಖ ತುಸು ಒಳಬಾಗಿರೋದು ಮಾತ್ರ ದೋಷ ಅಲ್ಲ, ಕೆಲವನ್ನ ಹಾಗೇ ಮಾಡ್ತಾರೆ. ಒಳಬಾಗಿದ ಮುಖ ಗೋಡೆ ಕಡೆ ಇಟ್ಟು ಎಳೆದರೆ ಅಂಚು ತೆಳ್ಳಗಾಗಿ ನಡುವೆ ಟೇಪ್ ಮೇಲೆ ಕೂದಲೆಳೆಯಷ್ಟು ಕಾಂಪೌಂಡ್ ಹೆಚ್ಚು ಉಳಿಯುತ್ತೆ, ನಮಗೆ ಬೇಕಾದ್ದೂ ಅದೇ. ಉಲ್ಟಾ ಹಿಡಿದ್ರೆ ನಡುವೆಯೇ ಕೆರೆದು ಟೇಪ್ ಎದ್ದು ಕಾಣುತ್ತೆ. ಹಾಗಾಗಿ ಒಳಬಾಗಿದ ಕಡೆ ಹಿಡಿ ಮೇಲೆ ಮಾರ್ಕರ್‌ನಲ್ಲಿ ಗುರುತು ಹಾಕ್ಕೊಳ್ಳಿ.

ಆಮೇಲೆ ಬಾಗು. ಗಾಜಿನ ಮೇಲೆ ಅಂಚು ಊರಿ ಒತ್ತಿ. ಹಿಂಬದಿ ಪಟ್ಟಿಯಿಂದ (ತಗಡಿನ ಹಿಡಿ ಕಡೆಯ ಪಟ್ಟಿ) ಅಂಚಿನವರೆಗೆ ಒಂದೇ ಕಮಾನಾಗಿ ಬಾಗಬೇಕು, ಕೈ ಬಿಟ್ಟ ತಕ್ಷಣ ನೆಟ್ಟಗಾಗಬೇಕು. ಪಟ್ಟಿ ಪಕ್ಕದಲ್ಲಿ ಮಾತ್ರ ಮಡಚಿ ಉಳಿದದ್ದು ಸೆಟೆದು ನಿಂತ್ರೆ ಬೇಡ, ಅದರಲ್ಲಿ ಒತ್ತಡ ಸಮನಾಗಿ ಹಂಚಿಕೆ ಆಗಲ್ಲ. 6 ಇಂಚಿನದಕ್ಕೆ ಇಷ್ಟು ಬಾಗು ಬೇಡ. ಟೇಪ್ ಅಡಿಯ ಹೆಚ್ಚುವರಿ ಕಾಂಪೌಂಡ್ ಹಿಂಡಿ ತೆಗೆಯೋಕೆ ಅದು ಗಟ್ಟಿಯಾಗೇ ಇರಬೇಕು.

ಇನ್ನೊಂದು ಜಾಗ ಯಾರೂ ನೋಡಲ್ಲ: ತಗಡು ಹಿಂಬದಿ ಪಟ್ಟಿಗೆ ಸೇರೋ ಸಂದಿ. ಅಲ್ಲಿ ಉಗುರು ತೂರುವಷ್ಟು ಬಿರುಕಿದ್ರೆ ಕಾಂಪೌಂಡ್ ನುಗ್ಗಿ ಒಣಗುತ್ತೆ. ಮುಂದಿನ ಕೋಟ್ ಎಳೆಯುವಾಗ ಬ್ಲೇಡ್ ಬಾಗಿದ ಕೂಡಲೇ ಸಾಸಿವೆಯಷ್ಟು ಹರಳು ಉದುರಿ ಅಂಚಿನಡಿ ಸಿಕ್ಕಿ ಮೇಲಿಂದ ಕೆಳಗಿನತನಕ ಗೆರೆ ಎಳೆಯುತ್ತೆ. ಜನ ಅಂಚನ್ನೇ ಬೈತಾರೆ, ತಪ್ಪು ಸಂದಿಯದು.

ಇನ್ನೊಬ್ಬರ ಉತ್ತರ (ಪೇಂಟಿಂಗ್ ಕಾಂಟ್ರಾಕ್ಟರ್): ಸ್ಟೀಲ್ ಬಗ್ಗೆ ನಾನು ಹೇಳ್ತೀನಿ. ಕಾರ್ಬನ್ ಸ್ಟೀಲ್, ಅದರಲ್ಲೂ ನೀಲಿ ಬಣ್ಣದ ಬ್ಲೂ ಸ್ಟೀಲ್, ಸ್ಪ್ರಿಂಗ್ ಥರ ಬಾಗಿ ಬರುತ್ತೆ, ಗೋಡೆಯ ಏರುತಗ್ಗು ಕೈಗೆ ಗೊತ್ತಾಗುತ್ತೆ. ಆದ್ರೆ ಕಾಂಪೌಂಡ್‌ನಲ್ಲಿ ನೀರಿದೆ, ತೊಳೆದು ಹಾಗೇ ಬಿಟ್ಟರೆ ತುಕ್ಕು ಹಿಡಿಯುತ್ತೆ. ಆ ತುಕ್ಕು ಬಿಳಿ ಕಾಂಪೌಂಡ್‌ಗೆ ಸೇರಿದ್ರೆ ಕಂದು ಕಲೆ, ಪೇಂಟ್ ಮೇಲೂ ಬಂದ್ರೂ ಬಂತು. ತಿಂಗಳಿಗೊಮ್ಮೆ ಕೈಗೆತ್ತಿಕೊಳ್ಳೋರು ಕಣ್ಣು ಮುಚ್ಚಿ ಸ್ಟೇನ್‌ಲೆಸ್ ತಗೊಳ್ಳಿ. ದಿನಾ ಬಳಸಿ, ತೊಳೆದು, ಒರೆಸಿ, ಎಣ್ಣೆ ಕೈ ಆಡಿಸುವಷ್ಟು ಶಿಸ್ತು ಇದ್ರೆ ಬ್ಲೂ ಸ್ಟೀಲ್.

ಉತ್ತರ (ಡ್ರೈವಾಲ್ ಫಿನಿಶರ್): ಒಪ್ತೀನಿ, ಆದ್ರೆ ಸ್ಟೇನ್‌ಲೆಸ್ ಅಂತ ಬರೆದಿದ್ದೆಲ್ಲ ಒಂದೇ ಅಲ್ಲ. ದಪ್ಪ ತಗಡಿನ ಸ್ಟೇನ್‌ಲೆಸ್ ಹಲಗೆ ಥರ ಸೆಟೆದಿರುತ್ತೆ. ಮೇಲೆ ಹೇಳಿದ ಬಾಗು ಪರೀಕ್ಷೆ ಪಾಸಾದ್ರೆ ಮಾತ್ರ ತಗೊಳ್ಳಿ. ಹಿಡಿ ಪ್ಲಾಸ್ಟಿಕ್ಕೋ ರಬ್ಬರ್ರೋ ನಿಮ್ಮಿಷ್ಟ. 6 ಇಂಚಿನದರ ಹಿಡಿ ತುದಿಗೆ ಲೋಹ ಇದ್ರೆ ಬೋರ್ಡಿಂದ ಸ್ವಲ್ಪ ಎದ್ದ ಮೊಳೆಯನ್ನ ಅಲ್ಲೇ ತಟ್ಟಿ ಕೂರಿಸಬಹುದು. ಸ್ಕ್ರೂ ಎದ್ದಿದ್ರೆ ತಟ್ಟಬೇಡಿ, ಡ್ರೈವರ್‌ನಲ್ಲೇ ತಿರುಗಿಸಿ.

ಪ್ರಶ್ನೆ: 6 ಮತ್ತು 12 ಸ್ಟೇನ್‌ಲೆಸ್ ತಂದೆ. ಟೇಪ್ ಚೆನ್ನಾಗಿ ಕೂತಿದೆ. ಆದ್ರೆ 12 ಇಂಚಿನದರಲ್ಲಿ ಎಳೆದಾಗ ಒಂದು ಬದಿಗೆ ಸಣ್ಣ ಗೆರೆ ಇನ್ನೂ ಬರ್ತಿದೆ.

ಉತ್ತರ (ಡ್ರೈವಾಲ್ ಫಿನಿಶರ್): ಹೊಸ ಬ್ಲೇಡಿನ ಮೂಲೆ ಸೂಜಿಯಂಗಿರುತ್ತೆ. ನೀರು ಹಾಕಿ ಉಜ್ಜೋ ಮರಳು ಕಾಗದ, ಅಂದ್ರೆ 220 ನಂಬರ್ ವಾಟರ್ ಪೇಪರ್‌ನಲ್ಲಿ ಎರಡೂ ಮೂಲೆನ ನಾಲ್ಕೈದು ಸಲ ಉಜ್ಜಿ. ಚೂಪು ಹೋದರೆ ಸಾಕು, ಕಣ್ಣಿಗೆ ಕಾಣುವಷ್ಟು ಗುಂಡಗೆ ಮಾಡಬೇಡಿ. ಆಮೇಲೆ ಅಂಚಿನುದ್ದ ಉಗುರು ಆಡಿಸಿ, ಎಲ್ಲಾದ್ರೂ ತಡೆದ್ರೆ ಅಲ್ಲಿ ಚುಂಚು (ಲೋಹದ ಸಣ್ಣ ಮುಳ್ಳು) ಎದ್ದಿದೆ.

ಎಳೆಯುವ ಕ್ರಮವೂ ಇದೆ. ಮೊದಲು ಕಾಂಪೌಂಡ್ ಹಚ್ಚಿ ಹರಡಿ. ಆಮೇಲೆ ಎಡ ಅಂಚಿನ ಮೇಲೆ ಒಂದು ಎಳೆತ, ಬೆರಳಿನ ಒತ್ತಡ ಪೂರ್ತಿ ಹೊರ ಮೂಲೆ ಮೇಲೆ, ಒಳ ಮೂಲೆ ಕಾಂಪೌಂಡ್ ಮೇಲೆ ತೇಲಬೇಕು. ಬಲಕ್ಕೂ ಹಾಗೇ. ಕೊನೆಗೆ ನಡುವೆ ಒಂದೇ ಎಳೆತ, ಎರಡೂ ಕಡೆ ಸಮ ಒತ್ತಡ, ಮಧ್ಯೆ ನಿಲ್ಲಿಸೋ ಹಾಗಿಲ್ಲ. ಬ್ಲೇಡ್ ನೆಟ್ಟಗೆ ನಿಲ್ಲಿಸಿದಷ್ಟೂ ಕೆರೆಯುತ್ತೆ, ಗೋಡೆಗೆ ಮಲಗಿಸಿದಷ್ಟೂ ಕಾಂಪೌಂಡ್ ಉಳಿಸುತ್ತೆ. ಉಳಿದ ಗೆರೆಯನ್ನ ಹಸಿ ಇದ್ದಾಗ ಮತ್ತೆ ಮತ್ತೆ ಸರಿ ಮಾಡೋಕೆ ಹೋಗ್ಬೇಡಿ. ಬಿಡಿ. ಪೂರ್ತಿ ಒಣಗಿದ ಮೇಲೆ 6 ಇಂಚಿನದರಲ್ಲಿ ಎದ್ದಿದ್ದನ್ನ ಕೆರೆದು ಮುಂದಿನ ಕೋಟ್ ಹಾಕಿ.

ಇನ್ನೊಬ್ಬರ ಪ್ರಶ್ನೆ: ಗೋಡೆ ಗೋಡೆ ಸೇರೋ ಒಳ ಮೂಲೆಗೆ L ಆಕಾರದ ಕಾರ್ನರ್ ಬ್ಲೇಡ್ ಬೇಕಾ ಅಣ್ಣ?

ಉತ್ತರ (ಪೇಂಟಿಂಗ್ ಕಾಂಟ್ರಾಕ್ಟರ್): ಬೇಡ. ಮೂಲೆ ಕರೆಕ್ಟಾಗಿ 90 ಡಿಗ್ರಿ ಇದ್ರೆ ಮಾತ್ರ ಅದು ಸರಿ ಕೂರುತ್ತೆ, ಇಲ್ಲಾಂದ್ರೆ ಒಂದು ಬದಿ ಕೆರೆಯುತ್ತೆ. 4 ಇಂಚಿನ ನೇರ ಬ್ಲೇಡ್ ಸಾಕು. ಟೇಪ್ ಮಡಚಿ ಎರಡೂ ಬದಿ ಕೂರಿಸಿ. ಮೇಲಿನ ಕೋಟ್ ಇವತ್ತು ಒಂದು ಬದಿಗೆ ಮಾತ್ರ, ಒಣಗಿದ ಮೇಲೆ ಇನ್ನೊಂದು ಬದಿಗೆ. ಎರಡೂ ಒಟ್ಟಿಗೆ ಮಾಡಿದ್ರೆ ಒಂದು ಬದಿ ಎಳೆಯುವಾಗ ಬ್ಲೇಡಿನ ಮೂಲೆ ಇನ್ನೊಂದು ಹಸಿ ಬದಿಯನ್ನ ಕೊರೆಯುತ್ತೆ.

ಪ್ರಶ್ನೆ: ಕೈ ಜಾರಿ 12 ಇಂಚಿನದು ಬಿತ್ತು. ಅಂಚಲ್ಲಿ ಸಣ್ಣ ಕಚ್ಚು ಬಿದ್ದಿದೆ. ಬಿಸಾಕಬೇಕಾ?

ಉತ್ತರ (ಡ್ರೈವಾಲ್ ಫಿನಿಶರ್): ಕಚ್ಚು ಅರ್ಧ ಮಿ.ಮೀ. ಒಳಗಿದ್ರೆ ಉಳಿಯುತ್ತೆ. ಗಾಜಿನ ಮೇಲೆ 220ರ ವಾಟರ್ ಪೇಪರ್ ಹಾಸಿ, ನೀರು ಚಿಮುಕಿಸಿ, ಬ್ಲೇಡನ್ನ ನೆಟ್ಟಗೆ ನಿಲ್ಲಿಸಿ ಅಂಚಿನುದ್ದಕ್ಕೆ ಎಳೀರಿ. ಒಂದೇ ಕಡೆ ತಿಕ್ಕಬೇಡಿ, ಅಲ್ಲಿ ಹಳ್ಳ ಬೀಳುತ್ತೆ. ಕಚ್ಚು ಮಾಯ ಆದ್ಮೇಲೆ ಎರಡೂ ಮುಖಕ್ಕೆ ಒಂದೊಂದು ಸಲ ಹಗುರಕ್ಕೆ ಸವರಿ ಚುಂಚು ತೆಗೀರಿ. ಕಚ್ಚಲ್ಲ, ತಗಡೇ ಮಡಚಿದೆ ಅಂದ್ರೆ ನೆಟ್ಟಗೆ ಮಾಡೋ ಪ್ರಯತ್ನ ಬೇಡ. ಅದನ್ನ ಬಕೆಟ್‌ನಲ್ಲಿ ಕಾಂಪೌಂಡ್ ಕಲೆಸೋಕೆ, ನೆಲಕ್ಕೆ ಬಿದ್ದದ್ದು ಕೆರೆಯೋಕೆ ಇಟ್ಟುಕೊಂಡು ಫಿನಿಶಿಂಗ್‌ಗೆ ಬೇರೆ ತಗೊಳ್ಳಿ.