ಅಪ್‌ಡೇಟ್: ಉಳಿದಿದ್ದ ಪಾರ್ಟ್ಸ್ ಬಹುಪಾಲು ಮಾರಾಟ ಆಯ್ತು

ಪ್ರಾಜೆಕ್ಟ್ ಕಾರ್ (ಹವ್ಯಾಸಕ್ಕೆ ಮಾಡಿಫೈ ಮಾಡುತ್ತಿದ್ದ ಕಾರು) ಕೈಬಿಟ್ಟೆ, ಉಳಿದ ಪಾರ್ಟ್ಸ್ ಒಟ್ಟಿಗೆ ಮಾರಲೋ ಬಿಡಿಯಾಗಿ ಮಾರಲೋ ಅಂತ ಕೇಳಿದ್ದೆ, ಅಲ್ವಾ? ಬಿಡಿಯಾಗಿಯೇ ಮಾರಿದೆ. ಟರ್ಬೊ (ಇಂಜಿನ್‌ಗೆ ಹೆಚ್ಚು ಗಾಳಿ ತುಂಬುವ, ಫ್ಯಾನಿನಂಥ ಪಾರ್ಟ್) ಮೊದಲು ಮಾರಿಹೋಯಿತು. ಬ್ಲೇಡಿನ ಅಂಚು ಕಾಣುವ ಹಾಗೆ ಹತ್ತಿರದ ಫೋಟೊ, ಪಾರ್ಟ್ ನಂಬರ್, ಜೊತೆಗೆ ಶಾಫ್ಟ್ ಹಿಡಿದು ಅಲ್ಲಾಡಿಸುವ ವಿಡಿಯೊ ಹಾಕಿದ್ದೆ; ಪಕ್ಕಕ್ಕೆ ಚೂರು ಆಡುವುದು ಸಹಜ, ಆದರೆ ಬ್ಲೇಡ್ ಹೌಸಿಂಗ್‌ಗೆ (ಹೊರಕವಚಕ್ಕೆ) ತಾಗಬಾರದು, ಅದನ್ನು ಕಣ್ಣಾರೆ ಕಂಡ ಮೇಲೆ ಯಾರೂ ಜಾಸ್ತಿ ಚೌಕಾಸಿ ಮಾಡಲಿಲ್ಲ. ಇಂಜಿನ್‌ಗೆ ಇಂಧನ ಸಿಂಪಡಿಸುವ ಇಂಜೆಕ್ಟರ್‌ಗಳನ್ನು ಮಾತ್ರ ಬಿಡಿಸದೆ ಸೆಟ್ಟಾಗಿ ಕೊಟ್ಟೆ, ಫ್ಲೋ ಟೆಸ್ಟ್ (ಪ್ರತಿಯೊಂದೂ ಎಷ್ಟು ಇಂಧನ ಬಿಡುತ್ತದೆ ಅಂತ ಅಳೆಯುವ ಪರೀಕ್ಷೆ) ರಿಪೋರ್ಟ್ ಸಮೇತ. ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಜೊತೆ ವೈರಿಂಗ್, ಪಾಸ್‌ವರ್ಡ್ ಎರಡೂ ಕೊಟ್ಟೆ. ಲಾಕ್ ಆದ ಇಸಿಯು ತಗೊಂಡವರ ಪಾಡು ಯಾರಿಗೂ ಬೇಡ. ಕಾಯಿಲ್‌ಓವರ್ (ಸ್ಪ್ರಿಂಗ್ ಸಮೇತ ಇರುವ ಶಾಕ್ ಅಬ್ಸಾರ್ಬರ್) ಸೆಟ್ ಇನ್ನೂ ಇದೆ. ಒಂದರ ಸೀಲ್‌ನಲ್ಲಿ ಎಣ್ಣೆ ಜಿನುಗುತ್ತಿದೆ, ಅದನ್ನೂ ಬರೆದೇ ಹಾಕಿದ್ದೇನೆ. ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.