ಆನೆಯನ್ನು ಎಣ್ಣೆಗೆ ಬಿಡೋದು ಹೇಗೆ? ಪದಬಂಧ ಬಿಡಿಸುವವರು ಅನುಭವ ಹೇಳಿ

ಪ್ರಶ್ನೆ

ನಮ್ಮ ಅತ್ತೆ ವಾರಪತ್ರಿಕೆ ಬಂದ ಕೂಡಲೇ ಪೆನ್ಸಿಲ್ ಹಿಡಿದು ಕೂರುತ್ತಾರೆ. ಕಾಫಿ ಆರುವುದರೊಳಗೆ ಪದಬಂಧ ಮುಗಿದಿರುತ್ತದೆ. ಎರಡು ತಿಂಗಳಿಂದ ನಾನೂ ಶುರು ಮಾಡಿದ್ದೇನೆ. ನೇರವಾಗಿ ಅರ್ಥ ಕೇಳಿದರೆ ಪರವಾಗಿಲ್ಲ, ಕಿಲಾಡಿ ಸುಳಿವು ಬಂತೋ ಅಲ್ಲೇ ಗಾಡಿ ನಿಂತಿತು. ಈ ವಾರದ್ದು ನೋಡಿ: 'ಆನೆಯನ್ನು ಎಣ್ಣೆಗೆ ಬಿಡು (2)', ಅಂದರೆ ಉತ್ತರಕ್ಕೆ ಎರಡು ಮನೆ. 'ಗಜ' ಅಂತ ಬರೆದೆ. ಅದರ ಎರಡನೇ ಮನೆಯಿಂದ ಕೆಳಕ್ಕೆ 'ರೂಢಿ, ಪದ್ಧತಿ (3)' ಇದೆ. 'ಜ'ದಿಂದ ಶುರುವಾಗುವ ಅಂಥ ಪದ ಯಾವುದೂ ಹೊಳೆಯುತ್ತಿಲ್ಲ. ಅತ್ತೆಯನ್ನು ಕೇಳಿದರೆ ನಗುತ್ತಾರೆಯೇ ಹೊರತು ಬಾಯಿ ಬಿಡೋಲ್ಲ. ನೀವೆಲ್ಲ ಇದನ್ನು ಹೇಗೆ ಕಲಿತಿರಿ?

ಧಾರವಾಡದಿಂದ, ನಿವೃತ್ತ ಮಾಸ್ತರು

ಮೊದಲು ಆ 'ಗಜ' ಅಳಸ್ರಿ. ಕೆಳಗಿಂದು 'ರಿವಾಜು' ಆಗ್ತದ ನೋಡ್ರಿ. ಅಂದ್ರ ನಿಮ್ಮ ಎರಡನೇ ಮನಿ 'ರಿ'. ಮುಂದಿಂದು ನೀವೇ ಹಚ್ಚರಿ, ಅತ್ತೆಯವರ ಮರ್ಯಾದಿ ಉಳೀಲಿ.

ಒಂದು ಗುಟ್ಟು ಹೇಳ್ತೀನಿ. ಕನ್ನಡದಾಗ ಕ್ರಿಯಾಪದದ ಧಾತುನೇ ಆಜ್ಞಾರ್ಥನೂ ಆಗ್ತದ. ಮಾಡು, ನೋಡು, ತಿಳಿ, ಅಷ್ಟs. ಅದೇ ಸದ್ದಿನ ಸಂಸ್ಕೃತದ ನಾಮಪದ ಒಂದು ನಮ್ಮಲ್ಲಿ ಬಳಕೆಯಾಗಿದ್ರ, ಪದಬಂಧ ಮಾಡೋರಿಗೆ ಹಬ್ಬ. 'ಶತ್ರುವನ್ನು ತಿಳಿದುಕೋ (2)' ಅಂದ್ರ 'ಅರಿ'. 'ವಿಷ್ಣುವನ್ನು ಚೂರು ಮಾಡು (2)' ಅಂದ್ರ 'ಹರಿ'. 'ಋಷಿಯೇ, ಸಿಟ್ಟಾಗು (2)' ಅಂದ್ರ 'ಮುನಿ'. ಸುಳಿವಿನ ವಾಕ್ಯ ಓದಿದ ಕೂಡ್ಲೇ ಮನಸಿನ್ಯಾಗ ಒಂದು ಚಿತ್ರ ಮೂಡ್ತದಲ್ಲ, ಅದೇ ಬಲೆ. ಬಾಣಲಿಯಾಗ ಆನೆ ಕಾಣಿಸ್ತೋ, ನೀವು ಕೆಟ್ರಿ. ವಾಕ್ಯ ಮುರದು ಎರಡು ತುಂಡು ಮಾಡ್ರಿ: ಇಲ್ಲಿ ಆನೆ, ಅಲ್ಲಿ ಎಣ್ಣೆಗೆ ಬಿಡೂದು. ಎರಡಕ್ಕೂ ಒಂದೇ ಪದ ಹುಡುಕ್ರಿ.

ಬೆಂಗಳೂರು

ನಾನು ಇಪ್ಪತ್ತು ವರ್ಷ ಇಂಗ್ಲಿಷ್ ಕ್ರಿಪ್ಟಿಕ್, ಅಂದರೆ ಬರೀ ಕಿಲಾಡಿ ಸುಳಿವಿನ ಪದಬಂಧ, ಬಿಡಿಸಿದವನು. ಆ ಜಂಬದಲ್ಲಿ ಕನ್ನಡದ್ದಕ್ಕೆ ಕೈ ಹಾಕಿ ಮುಖ ಒರೆಸಿಕೊಂಡೆ. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಮೊದಲ ಪದಬಂಧ ಅಚ್ಚು ಹಾಕಿಸಿದಾಗ ಒಂದು ಮನೆಗೆ ಒಂದು ಲೆಟರ್. ನಮ್ಮಲ್ಲಿ ಒಂದು ಮನೆಗೆ ಒಂದು ಅಕ್ಷರ, ಅದರ ಕಾಗುಣಿತ, ಒತ್ತು ಎಲ್ಲ ಸೇರಿ. ಹಾಗಾಗಿ ಅವರ ಅಕ್ಷರ ಕಲಸುವ ಆಟ ಇಲ್ಲಿ ಅಷ್ಟಾಗಿ ನಡೆಯಲ್ಲ. 'ಲಿಸನ್' ಪದದ ಆರು ಲೆಟರ್ ಕಲಸಿದರೆ 'ಸೈಲೆಂಟ್' ಸಿಗುತ್ತೆ. 'ಕವಿತೆ'ಯನ್ನು ಹೇಗೆ ಕಲಸಿದರೂ ಏನೂ ಹುಟ್ಟಲ್ಲ, ಗುಡಿಸು, ಏತ್ವ ಎಲ್ಲ ಅಕ್ಷರಕ್ಕೆ ಅಂಟಿಕೊಂಡೇ ಓಡಾಡುತ್ತವೆ.

ಅದರ ಬದಲು ಇಲ್ಲಿ ತಿರುಗಿಸೋದು, ಕತ್ತರಿಸೋದು, ಬಚ್ಚಿಡೋದು ಜಾಸ್ತಿ. 'ಹಿಂದಕ್ಕೆ ಹರಿದ ಹೊಳೆಗೆ ಹಗಲು (2)': ನದಿ ತಿರುಗಿದರೆ ದಿನ. 'ತಿರುಗಿ ನಿಂತ ದೊರೆಗೆ ಮುಪ್ಪು (2)': ರಾಜ ಹೋಗಿ ಜರಾ. 'ಬಾಲ ಕಳೆದುಕೊಂಡ ಪಟ್ಟಣವೇ ಒಡವೆ (2)': ನಗರದ 'ರ' ಹಾರಿಸಿದರೆ ನಗ. ನನಗೆ ತುಂಬ ಇಷ್ಟವಾದದ್ದು 'ಸಿಂಹಾಸನದೊಳಗೆ ಅಡಗಿ ಕುಳಿತ ಜಿಲ್ಲೆ (3)'. ಅರ್ಧ ಗಂಟೆ ಮೈಸೂರಿನ ಸುತ್ತ ಸುತ್ತಿದೆ. ಹಾಸನ ಕಣ್ಣೆದುರೇ ಕೂತಿತ್ತು!

ಹಿಂದೆ, ತಿರುಗಿ, ತಲೆ, ಬಾಲ, ಒಳಗೆ, ನಡುವೆ... ಇಂಥ ಪದ ಸುಳಿವಿನಲ್ಲಿ ಕಂಡರೆ ಅನುಮಾನ ಪಡಿ. ಯಾವುದೂ ಸುಮ್ಮನೆ ಬಂದಿರಲ್ಲ.

ಮಂಡ್ಯ

ಮನೆ ಎಣಿಸೋದು ಮೊದಲು ಕಲೀರಿ. ನಮ್ಮೂರಿಗೆ ಎರಡೇ ಮನೆ, ಮಂ ಮತ್ತು ಡ್ಯ. 'ಅಕ್ಟೋಬರ್' ಥರದ್ದು ಬಂದರೆ ಕೊನೆಯ 'ರ್'ಗೆ ಒಂದು ಮನೆ ಕೊಡುವವರೂ ಇದ್ದಾರೆ, 'ರ' ಅಂತಲೇ ಬರೆಸುವವರೂ ಇದ್ದಾರೆ. ಹಾಗೇ ಸುಳಿವುಗಳ ಮೇಲಿನ ಶೀರ್ಷಿಕೆ ಓದಿ, ಕೆಲವರು ಬಲದಿಂದ ಎಡಕ್ಕೂ ಬರೆಸ್ತಾರೆ. ನಾನು ಒಂದಿಡೀ ಭಾನುವಾರ ಅದನ್ನು ನೋಡದೆ ಕಳೆದಿದ್ದೀನಿ.

ಕುಂದಾಪುರ ಮೂಲ, ಈಗ ದುಬೈ

ಕಿಲಾಡಿ ಸುಳಿವು ಅರ್ಥವಾಗ್ಲಿಕ್ಕೂ ಪದ ಗೊತ್ತಿರಬೇಕಲ್ಲ ಮಾರಾಯ್ರೆ. ಪರ್ಯಾಯ ಪದಗಳ ಪಟ್ಟಿ ಉರು ಹೊಡೆಯಬೇಡಿ, ಅದರ ಕೀಲಿ ಹಿಡಿಯಿರಿ. ನೀರಿಗೆ ವಾರಿ ಅಂತ ಹೆಸರು. ಅದಕ್ಕೆ 'ಜ' ಸೇರಿಸಿದ್ರೆ ನೀರಲ್ಲಿ ಹುಟ್ಟಿದ್ದು, ವಾರಿಜ, ತಾವರೆ. 'ದ' ಸೇರಿಸಿದ್ರೆ ನೀರು ಕೊಡುವಂಥದ್ದು, ವಾರಿದ, ಮೋಡ. 'ಧಿ' ಸೇರಿಸಿದ್ರೆ ನೀರು ಹಿಡಿದಿಟ್ಟದ್ದು, ವಾರಿಧಿ, ಕಡಲು. ಈಗ ಜಲ ತಗೊಳ್ಳಿ: ಜಲಜ, ಜಲದ, ಜಲಧಿ. ಅಂಬು: ಅಂಬುಜ, ಅಂಬುದ, ಅಂಬುಧಿ. ನೀರಿನ ಒಂದು ಹೆಸರು ಕಲಿತರೆ ಮೂರು ಉತ್ತರ ಬಿಟ್ಟಿ.

ಅಲ್ಪಪ್ರಾಣ ಮಹಾಪ್ರಾಣ ಮಾತ್ರ ಜೋಪಾನ. ಕಾಲೇಜಿನಲ್ಲಿದ್ದಾಗ ಬಹುಮಾನದ ಪದಬಂಧವೊಂದಕ್ಕೆ ಕಾರ್ಡಿನಲ್ಲಿ ಉತ್ತರ ಕಳಿಸಿದ್ದೆ, 'ಜಲದಿ' ಅಂತ. ಎಲ್ಲ ಸರಿ, ಅದೊಂದು ಹೊಟ್ಟೆ ಸೀಳದ ದ! ಬಹುಮಾನ ಐವತ್ತು ರೂಪಾಯಿ, ಆಗಿನ ಕಾಲಕ್ಕೆ ಎಷ್ಟು ಮಸಾಲೆದೋಸೆ ಅಂತ ಲೆಕ್ಕ ಹಾಕಿ. ಇವತ್ತಿಗೂ ಕಡಲು ಕಂಡ್ರೆ ಅದೇ ನೆನಪು.

ಶಿವಮೊಗ್ಗ

ಮೊಬೈಲ್‌ನಲ್ಲಿ ಹುಡುಕೋದು ತಪ್ಪು ಅನ್ನುವವರ ಮಾತು ಕೇಳಬೇಡಿ. ತುಂಬಿಸಿ ಮುಗಿದ ಮೇಲೆ ನಿಘಂಟು ನೋಡಿ, ಅಷ್ಟೇ ನನ್ನ ನಿಯಮ. ಮುಂದಿನ ವಾರದ ಸಂಚಿಕೆಯಲ್ಲಿ ಉತ್ತರ ಬಂದಾಗ ಬಿಡಿಸಲಾಗದೆ ಬಿಟ್ಟಿದ್ದನ್ನು ಸುಳಿವಿನ ಜೊತೆ ಹೊಂದಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ನಾನು ಕಲಿತಿದ್ದೆಲ್ಲ ಹಾಗೇ.

ಪ್ರಶ್ನೆ ಕೇಳಿದವಳು

ಕರಿ! ಮಾಸ್ತರೇ, ಮಧ್ಯಾಹ್ನ ಹಪ್ಪಳ ಕರಿಯುವಾಗ ಹೊಳೆಯಿತು, ಸೌಟು ಹಿಡಿದೇ ಹಾಲ್‌ಗೆ ಓಡಿದೆ.

ಎಲ್ಲರ ಮಾತನ್ನೂ ಅತ್ತೆಗೆ ಓದಿ ಹೇಳಿದೆ. 'ದುಬೈಯವರು ತೋಯ ಬಿಟ್ಟುಬಿಟ್ಟರಲ್ಲ' ಅಂದರು, ಅದೂ ನೀರಂತೆ. ಆಮೇಲೆ ಪೆನ್ಸಿಲ್ ತಗೊಂಡು ಹಾಲಿನ ಚೀಟಿಯ ಹಿಂದೆ ನಿಮಗೆಲ್ಲ ಅಂತ ಒಂದು ಬರೆದುಕೊಟ್ಟರು: 'ಯುದ್ಧದಲ್ಲಿ ತಲೆ ಹೋದಮೇಲೂ ನೆರಳು ಕೊಡುತ್ತದೆ (2)'.

ಗೊತ್ತಾದವರು ದಯವಿಟ್ಟು ಉತ್ತರ ಇಲ್ಲಿ ಬರೆಯಬೇಡಿ. ನಾನಿನ್ನೂ ಬಿಡಿಸ್ತಾ ಇದ್ದೀನಿ.